ಏಳರಿಂದ ಎಂಟಕ್ಕೆ: ಹೈಸ್ಕೂಲು ಸೇರುವ ಮಗುವಿನ ಹೆತ್ತವರಿಗೆ

ನಮ್ಮ ರಾಜ್ಯದಲ್ಲಿ ಹೈಸ್ಕೂಲು ಎಂದರೆ ಎಂಟನೇ ತರಗತಿಯಿಂದ ಶುರು. 2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಎಂಟರವರೆಗಿನ ಓದನ್ನು ಒಂದೇ ಕಟ್ಟಾಗಿ ನೋಡುತ್ತದೆ, ನಿಜ. ಆದರೆ ಊರಿನ ಹಿರಿಯ ಪ್ರಾಥಮಿಕ ಶಾಲೆ ಬಹಳ ಕಡೆ ಏಳಕ್ಕೇ ಮುಗಿಯುತ್ತದೆ. ಮಗು ಟಿಸಿ ಹಿಡಿದು ಹೋಬಳಿ ಕೇಂದ್ರದ ಪ್ರೌಢಶಾಲೆಯ ದಾರಿ ಹಿಡಿಯಬೇಕು. ಎರಡೂ ಶಾಲೆಗಳು ಒಂದೇ ಆವರಣದಲ್ಲಿದ್ದರೂ ಕಟ್ಟಡ ಬೇರೆ, ಮುಖ್ಯ ಶಿಕ್ಷಕರು ಬೇರೆ, ಗಂಟೆಯ ಲೆಕ್ಕವೂ ಬೇರೆ.

ನಾನು ಎಂಟನೇ ತರಗತಿಗೆ ಗಣಿತ ಕಲಿಸುವವನು. ಪಾಠ ಕಷ್ಟವಾಗಿ ಹಿಂದೆ ಬೀಳುವ ಮಕ್ಕಳಿಗಿಂತ, ತಮ್ಮನ್ನು ಯಾರೂ ಗಮನಿಸುತ್ತಿಲ್ಲ ಎಂದು ಗೊತ್ತಾಗಿ ಹಿಂದೆ ಸರಿಯುವ ಮಕ್ಕಳೇ ನನ್ನ ಕಣ್ಣಿಗೆ ಹೆಚ್ಚು ಬೀಳುತ್ತಾರೆ. ಪ್ರಾಥಮಿಕ ಶಾಲೆಯಲ್ಲಿ ಆ ಮಗುವನ್ನು ಇಡಿಯಾಗಿ ಬಲ್ಲವರು ಒಬ್ಬರಾದರೂ ಇರುತ್ತಿದ್ದರು. ಯಾರ ಮನೆಯ ಹುಡುಗ, ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಯಾವ ಮಾತಿಗೆ ನಗುತ್ತಾನೆ ಎಂದು ಅವರಿಗೆ ಗೊತ್ತಿತ್ತು. ಹೈಸ್ಕೂಲಿನಲ್ಲಿ ಗಣಿತಕ್ಕೆ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ) ಮೇಷ್ಟ್ರು, ಜೀವಶಾಸ್ತ್ರಕ್ಕೆ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದ) ಮೇಡಂ, ಸಮಾಜಕ್ಕೆ ಇನ್ನೊಬ್ಬರು, ಮೂರು ಭಾಷೆಗೆ ಮೂವರು. ಒಬ್ಬೊಬ್ಬರೂ ಮುಕ್ಕಾಲು ಗಂಟೆಯೊಳಗೆ ಬಂದು ಹೋಗುತ್ತೇವೆ. ನಮ್ಮ ನಮ್ಮ ವಿಷಯದಲ್ಲಿ ಮಗು ಹೇಗಿದೆ ಎಂದಷ್ಟೇ ನಮಗೆ ಕಾಣುತ್ತದೆ. ಇಡೀ ಮಗುವನ್ನು ನೋಡುವ ಕೆಲಸ ಆ ಜೂನ್ ತಿಂಗಳಿನಿಂದ ಮನೆಯವರ ಪಾಲಿಗೆ ಬರುತ್ತದೆ. ಅದಕ್ಕೆ ಹೆತ್ತವರು ಓದಿದವರೇ ಆಗಬೇಕಿಲ್ಲ. ಬೇಸಿಗೆ ರಜೆಯಿಂದ ದಸರೆಯವರೆಗೆ ಮಾಡಬೇಕಾದ ಕೆಲಸಗಳನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಬೇಸಿಗೆ ರಜೆ: ಟಿಸಿಯನ್ನು ಅಕ್ಷರ ಅಕ್ಷರವಾಗಿ ಓದಿ

ಬ್ಯಾಗು, ಶೂಗಳ ಗಡಿಬಿಡಿಗಿಂತ ಮುಂಚೆ ಇದು. ಪ್ರಾಥಮಿಕ ಶಾಲೆಯಿಂದ ವರ್ಗಾವಣೆ ಪತ್ರ ಕೈಗೆ ಬಂದ ತಕ್ಷಣ ಅಲ್ಲೇ ಕುಳಿತು ಓದಿ. ನಿಮಗೆ ಓದಲು ಬರದಿದ್ದರೆ ಮಗುವಿನಿಂದಲೇ ಗಟ್ಟಿಯಾಗಿ ಓದಿಸಿ. ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನಾಂಕ, ಜಾತಿ, ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಗುರುತಿನ ಸಂಖ್ಯೆ), ಈ ಐದನ್ನೂ ನೋಡಿ. ಹೆಸರುಗಳನ್ನು, ಹುಟ್ಟಿದ ದಿನಾಂಕವನ್ನು ಜನನ ಪ್ರಮಾಣಪತ್ರ ಮತ್ತು ಆಧಾರ್ ಕಾರ್ಡಿನ ಪಕ್ಕದಲ್ಲಿಟ್ಟು ತಾಳೆ ನೋಡಿ. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಆಧಾರ್‌ನಲ್ಲಿ ಹೆಸರಿನ ಹಿಂದೆ. ಒಂದರಲ್ಲಿ ‘ಮಂಜುನಾಥ’, ಇನ್ನೊಂದರಲ್ಲಿ ‘ಮಂಜುನಾಥ್’. ಒಂದರಲ್ಲಿ ತಾಯಿಯ ಹೆಸರು ‘ಲಕ್ಷ್ಮೀ’, ಇನ್ನೊಂದರಲ್ಲಿ ‘ಲಕ್ಷ್ಮಮ್ಮ’. ಇಂಥವು ಪ್ರತಿ ವರ್ಷ ಬರುತ್ತವೆ. ‘ಇಷ್ಟಕ್ಕೇನು’ ಎಂದು ಬಿಟ್ಟುಬಿಡುವವರೇ ಜಾಸ್ತಿ.

ಇಷ್ಟಕ್ಕೇನು ಎಂದರೆ, ಹೈಸ್ಕೂಲಿನ ದಾಖಲಾತಿ ಪುಸ್ತಕಕ್ಕೆ ಏರುವ ಹೆಸರೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋಗುತ್ತದೆ. ಮುಂದೆ ಕೆಲಸ, ಪಾಸ್‌ಪೋರ್ಟ್ ಎಲ್ಲದಕ್ಕೂ ಹುಟ್ಟಿದ ದಿನಾಂಕದ ಸಾಕ್ಷಿಯಾಗಿ ಜನ ಮೊದಲು ತೆಗೆಯುವುದು ಆ ಅಂಕಪಟ್ಟಿಯನ್ನು. ಅದು ಅಚ್ಚಾಗಿ ಬಂದ ಮೇಲೆ ತಿದ್ದಿಸುವುದೆಂದರೆ ಅರ್ಜಿ, ಅಫಿಡವಿಟ್, ಕೆಲವೊಮ್ಮೆ ನ್ಯಾಯಾಲಯದವರೆಗೂ ಅಲೆದಾಟ. ಎಂಟನೇ ತರಗತಿಯ ಹೊಸ್ತಿಲಲ್ಲಿ ಆದರೆ ಮುಖ್ಯ ಶಿಕ್ಷಕರಿಗೆ ಅರ್ಜಿ ಕೊಟ್ಟು, ಅವರು ಹೇಳಿದಂತೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮೂಲಕ ಸರಿಪಡಿಸಿಕೊಳ್ಳಬಹುದು. ಆಧಾರ್‌ನಲ್ಲಿ ತಪ್ಪಿದ್ದರೆ ಆಧಾರ್ ಕೇಂದ್ರದಲ್ಲಿ ಅದನ್ನೇ ತಿದ್ದಿಸಿ. ಯಾವುದನ್ನು ಯಾವುದಕ್ಕೆ ಹೊಂದಿಸಬೇಕು ಎಂಬ ಗೊಂದಲ ಬಂದರೆ ಜನನ ಪ್ರಮಾಣಪತ್ರವನ್ನೇ ಆಧಾರವಾಗಿ ಇಟ್ಟುಕೊಳ್ಳಿ.

ಎರಡನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ಕೇಳುವುದು ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು. ಆದಾಯ ಪ್ರಮಾಣಪತ್ರಕ್ಕೆ ಅವಧಿಯ ಮಿತಿಯಿದೆ. ಮಗು ಮೂರನೇ ತರಗತಿಯಲ್ಲಿದ್ದಾಗ ಮಾಡಿಸಿದ್ದು ಈಗ ನಡೆಯದಿರಬಹುದು. ಮೇ ತಿಂಗಳಲ್ಲೇ ನಾಡಕಚೇರಿಗೆ ಹೋಗಿ ಬನ್ನಿ. ಶಾಲೆ ತೆರೆದ ಮೇಲೆ ಅಲ್ಲಿ ಸಾಲು ಬೆಳೆಯುತ್ತದೆ. ಹಣ ಬರುವುದು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ. ಹಾಗಾಗಿ ಮಗುವಿನ ಖಾತೆಗೆ ಆಧಾರ್ ಸೇರಿದೆಯೇ ಎಂದು ಪಾಸ್‌ಬುಕ್ ತೋರಿಸಿ ಕೌಂಟರಿನಲ್ಲಿ ಕೇಳಿ. ‘ಲಿಂಕ್ ಆಗಿದೆ’ ಎಂಬ ಉತ್ತರ ಸಾಲದು, ಸರ್ಕಾರದ ಹಣ ನೇರವಾಗಿ ಜಮೆಯಾಗುವಂತೆ ಆಗಿದೆಯೇ ಎಂದು ಕೇಳಿ. ಎರಡೂ ಬೇರೆ ಬೇರೆ.

ಖಾಸಗಿ ಶಾಲೆಯಿಂದ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಬದಲಾಯಿಸುವವರಿಗೆ ಒಂದು ಮಾತು. ಶುಲ್ಕ ಬಾಕಿಯಿದೆ ಎಂದು ಟಿಸಿಯನ್ನು ತಡೆಹಿಡಿಯುವುದು ಕೆಲವು ಕಡೆ ರೂಢಿಯೇ ಆಗಿದೆ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಟಿಸಿಯನ್ನು ಕೂಡಲೇ ಕೊಡಬೇಕು, ಮತ್ತು ಟಿಸಿ ತಡವಾಯಿತು ಎಂಬ ಕಾರಣಕ್ಕೆ ಹೊಸ ಶಾಲೆ ಪ್ರವೇಶವನ್ನು ತಡ ಮಾಡುವಂತಿಲ್ಲ, ನಿರಾಕರಿಸುವಂತೆಯೂ ಇಲ್ಲ. ಈ ಕಾಯ್ದೆಯ ರಕ್ಷಣೆ ಎಂಟನೇ ತರಗತಿಯವರೆಗೆ ಮಾತ್ರ. ಶಾಲೆ ಬದಲಾಯಿಸುವ ಯೋಚನೆಯಿದ್ದರೆ ಒಂಬತ್ತಕ್ಕೆ ಮುಂದೂಡದೆ ಈಗಲೇ ಮಾಡಿ.

ಮಾಧ್ಯಮ ಮತ್ತು ಭಾಷೆ

ಪ್ರವೇಶದ ಅರ್ಜಿಯಲ್ಲಿ ಎರಡು ಕಡೆ ಗುರುತು ಹಾಕುವ ಮುನ್ನ ನಿಲ್ಲಬೇಕು. ಮೊದಲನೆಯದು ಮಾಧ್ಯಮ. ಏಳರವರೆಗೆ ಕನ್ನಡದಲ್ಲಿ ಓದಿದ ಮಗುವನ್ನು ಎಂಟಕ್ಕೆ ಇಂಗ್ಲಿಷ್ ವಿಭಾಗಕ್ಕೆ ಸೇರಿಸುವ ಹೆತ್ತವರ ಆಸೆ ನನಗೆ ಅರ್ಥವಾಗುತ್ತದೆ, ಪಿಯುಸಿಯಲ್ಲಿ ವಿಜ್ಞಾನ ಓದಬೇಕಾದರೆ ಹೇಗೂ ಇಂಗ್ಲಿಷ್ ಎದುರಾಗುತ್ತದೆ. ಆದರೂ ನನ್ನ ಅಭಿಪ್ರಾಯ ಇದು: ಮಗು ಕನ್ನಡದ ಪಾಠವನ್ನೇ ತಡವರಿಸದೆ ಓದಿ, ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಲಾರದು ಎಂದಾದರೆ ಮಾಧ್ಯಮ ಬದಲಾವಣೆ ಅದಕ್ಕೆ ಶಿಕ್ಷೆ. ಓದಿ ಹೇಳಬಲ್ಲದು ಎಂದಾದರೆ ಬದಲಿಸಬಹುದು, ಆದರೆ ಮೇ ತಿಂಗಳಿಡೀ ತಯಾರಿ ಬೇಕು.

ತಯಾರಿ ಸುಲಭದ್ದೇ. ಒಂದು ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಮಗುವಿಗೆ ಗೊತ್ತಿರುವ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ: ಛೇದ–ಡಿನಾಮಿನೇಟರ್, ವರ್ಗಮೂಲ–ಸ್ಕ್ವೇರ್ ರೂಟ್, ಸಮೀಕರಣ–ಈಕ್ವೇಷನ್, ಘರ್ಷಣೆ–ಫ್ರಿಕ್ಷನ್, ಜೀವಕೋಶ–ಸೆಲ್, ದ್ಯುತಿಸಂಶ್ಲೇಷಣೆ–ಫೋಟೋಸಿಂಥಸಿಸ್. ಏಳನೇ ತರಗತಿಯ ಗಣಿತ, ವಿಜ್ಞಾನ ಪುಸ್ತಕಗಳ ಕನ್ನಡ ಮತ್ತು ಇಂಗ್ಲಿಷ್ ಆವೃತ್ತಿಗಳೆರಡೂ ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಪುಟಕ್ಕೆ ಪುಟ ಹೊಂದಿಸಿ ನೋಡಿದರೆ ಪದಗಳು ತಾವಾಗಿ ಸಿಗುತ್ತವೆ. ಒಂದು ರಜೆಯಲ್ಲಿ ಇಂಥ ನೂರಿನ್ನೂರು ಪದಗಳಿಗೆ ಕಿವಿ ಒಗ್ಗಿದ್ದರೂ ಜೂನ್‌ನಲ್ಲಿ ಮಗು ಬಾಯಿ ಬಿಡದೆ ಕೂರುವುದಿಲ್ಲ. ಗೊತ್ತಿರುವ ವಿಷಯವೇ ಬೇರೆ ಹೆಸರಿನಲ್ಲಿ ಬಂದಿದೆ ಎಂದು ಅದಕ್ಕೆ ತಿಳಿದಿರುತ್ತದೆ.

ಎರಡನೆಯದು ಪ್ರಥಮ ಭಾಷೆ. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ. ಪೂರ್ತಿ ಅಂಕ ಸುಲಭವಾಗಿ ಬರುತ್ತದೆ ಎಂಬ ಲೆಕ್ಕದಲ್ಲಿ ಮನೆಮಾತು ಕನ್ನಡವಿರುವ ಮಕ್ಕಳನ್ನು ಸಂಸ್ಕೃತಕ್ಕೆ ಸೇರಿಸುವ ಪರಿಪಾಠ ಪಟ್ಟಣಗಳಲ್ಲಿ ಬೆಳೆದಿದೆ. ಸಂಸ್ಕೃತದ ಮೇಲಿನ ಪ್ರೀತಿಯಿಂದ ಮಗು ಅದನ್ನು ಆರಿಸಿಕೊಂಡರೆ ಬಹಳ ಒಳ್ಳೆಯದು. ಅಂಕಕ್ಕಾಗಿ ಮಾತ್ರ ಎಂದರೆ ನನಗೆ ಒಪ್ಪಿಗೆಯಿಲ್ಲ. ಹದಿಮೂರರಿಂದ ಹದಿನಾರರ ವಯಸ್ಸಿನಲ್ಲಿ ಹಳಗನ್ನಡದ ಪದ್ಯವನ್ನು, ಒಳ್ಳೆಯ ಗದ್ಯವನ್ನು ತರಗತಿಯಲ್ಲಿ ಓದುವ ಅವಕಾಶ ತಪ್ಪಿದರೆ ಮುಂದೆ ಹೆಚ್ಚಿನವರಿಗೆ ಅದು ಸಿಗುವುದೇ ಇಲ್ಲ. ಯಾವುದೇ ಆದರೂ ಅರ್ಜಿಯನ್ನು ಮಗುವಿನ ಮುಂದಿಟ್ಟು ತುಂಬಿ. ಮೂರು ವರ್ಷ ಆ ಪುಸ್ತಕ ಓದಬೇಕಾದದ್ದು ಅದು.

ದಾರಿ, ಬಸ್ಸು, ಬ್ಯಾಗು

ಶಾಲೆ ತೆರೆಯುವ ಮುನ್ನ ಮಗುವಿನ ಜೊತೆ ಆ ದಾರಿಯಲ್ಲಿ, ಅದೇ ಹೊತ್ತಿನಲ್ಲಿ ಒಮ್ಮೆ ಹೋಗಿ ಬನ್ನಿ. ಭಾನುವಾರದ ಖಾಲಿ ಬಸ್ಸಿನಲ್ಲಿ ಹೋದರೆ ಪ್ರಯೋಜನವಿಲ್ಲ. ಬಸ್ಸು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ, ಎಲ್ಲಿ ಕಾಯಬೇಕು, ಯಾರ ಅಂಗಡಿಯಿಂದ ಫೋನ್ ಮಾಡಬಹುದು ಎಂಬುದನ್ನು ತೋರಿಸಿಕೊಡಿ. ಮನೆಯವರ ಎರಡು ಮೊಬೈಲ್ ಸಂಖ್ಯೆ ಮಗುವಿಗೆ ಬಾಯಿಪಾಠವಾಗಿರಲಿ. ಬ್ಯಾಗಿನಲ್ಲಿ ಬರೆದಿಟ್ಟ ಚೀಟಿ ಮೊದಲ ಮಳೆಗೇ ಅಳಿಸಿಹೋಗುತ್ತದೆ.

ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾದ ಮೇಲೆ ಹೆಣ್ಣುಮಕ್ಕಳಿಗೆ ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿನ ಚಿಂತೆಯಿಲ್ಲ, ಗುರುತಿನ ಚೀಟಿ ಬ್ಯಾಗಿನಲ್ಲಿದ್ದರೆ ಸಾಕು. ಹುಡುಗರಿಗೆ ವಿದ್ಯಾರ್ಥಿ ಪಾಸ್ ಮಾಡಿಸಬೇಕು. ಸೇವಾಸಿಂಧು ಮೂಲಕ ಅರ್ಜಿ ಹಾಕುವುದು. ಶಾಲೆಗೆ ಸೇರಿದ ರಸೀದಿ ಕೈಗೆ ಬಂದ ದಿನವೇ ಹಾಕಿಬಿಡಿ. ಮಂಗಳೂರು, ಉಡುಪಿ ಕಡೆ ಖಾಸಗಿ ಬಸ್ಸನ್ನೇ ನಂಬಿದವರಿಗೆ ಶಕ್ತಿ ಅನ್ವಯಿಸುವುದಿಲ್ಲ, ವಿದ್ಯಾರ್ಥಿ ರಿಯಾಯಿತಿಯ ಬಗ್ಗೆ ಆಯಾ ಬಸ್ಸಿನವರಲ್ಲೇ ವಿಚಾರಿಸಬೇಕು. ಶಾಲೆ ತೀರಾ ದೂರವಿದ್ದರೆ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ಪೂರ್ವ ವಿದ್ಯಾರ್ಥಿನಿಲಯಗಳಿವೆ. ಅವುಗಳಿಗೆ ಅರ್ಜಿ ಕರೆಯುವುದೂ ಇದೇ ಹೊತ್ತಿನಲ್ಲಿ.

ಬ್ಯಾಗಿನ ತೂಕದ ಬಗ್ಗೆ 2019ರಲ್ಲಿ ಶಿಕ್ಷಣ ಇಲಾಖೆಯ ಆದೇಶವೇ ಬಂದಿದೆ. ಆರರಿಂದ ಎಂಟನೇ ತರಗತಿಗೆ 3ರಿಂದ 4 ಕಿಲೋ. ಹೊಸ ಹುಮ್ಮಸ್ಸಿನಲ್ಲಿ ಮಕ್ಕಳು ಎಲ್ಲ ಪುಸ್ತಕವನ್ನೂ ಹೊರುತ್ತಾರೆ. ಮೊದಲ ವಾರವೇ ವೇಳಾಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸಿ, ರಾತ್ರಿಯೇ ಮಗು ತಾನೇ ನೋಡಿ ಬ್ಯಾಗು ಜೋಡಿಸಲಿ. ನೀವು ಜೋಡಿಸಿಕೊಡಬೇಡಿ. ಒಂದೆರಡು ದಿನ ಪುಸ್ತಕ ಮರೆತು ಬೈಸಿಕೊಂಡರೆ ಬೈಸಿಕೊಳ್ಳಲಿ. ಮಲೆನಾಡು, ಕರಾವಳಿಯವರು ನೋಟ್‌ಬುಕ್ಕುಗಳನ್ನೆಲ್ಲ ಒಂದು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬ್ಯಾಗಿನೊಳಗಿಡುವ ಅಭ್ಯಾಸ ಮಾಡಿಸಿ. ಮಳೆಗಾಲವೂ ಶಾಲೆಯೂ ಒಟ್ಟಿಗೇ ಶುರುವಾಗುತ್ತವೆ.

ಜೂನ್: ಸೇತುಬಂಧದ ಪತ್ರಿಕೆಯನ್ನು ಕೇಳಿ ನೋಡಿ

ಶಾಲೆ ತೆರೆದ ಮೊದಲ ದಿನಗಳಲ್ಲಿ ಸೇತುಬಂಧ ನಡೆಯುತ್ತದೆ. ಹಿಂದಿನ ತರಗತಿಗಳಲ್ಲಿ ಕಲಿತಿರಬೇಕಾದದ್ದು ಎಷ್ಟು ಬಂದಿದೆ ಎಂದು ನೈದಾನಿಕ ಪರೀಕ್ಷೆ ಮಾಡಿ, ಬಾರದಿದ್ದುದನ್ನು ಕಲಿಸಿ, ಆಮೇಲೆ ಎಂಟರ ಪಾಠಕ್ಕೆ ಹೋಗುವುದು ಅದರ ಉದ್ದೇಶ. ಈ ಪರೀಕ್ಷೆಯ ಅಂಕ ಯಾವ ಪಟ್ಟಿಗೂ ಸೇರುವುದಿಲ್ಲ. ಅದಕ್ಕೇ ಹೆತ್ತವರು ಕೇಳುವುದಿಲ್ಲ, ಮಕ್ಕಳು ತೋರಿಸುವುದಿಲ್ಲ. ನನ್ನ ಮಟ್ಟಿಗೆ ಇಡೀ ವರ್ಷದಲ್ಲಿ ನೀವು ನೋಡಲೇಬೇಕಾದ ಉತ್ತರ ಪತ್ರಿಕೆ ಅದೊಂದೇ. ಶಿಕ್ಷಕರನ್ನು ಕೇಳಿ, ತೋರಿಸುತ್ತಾರೆ.

ಕಾಯಲು ಮನಸ್ಸಿಲ್ಲದಿದ್ದರೆ ಮನೆಯಲ್ಲೇ ಒಂದು ಚಿಕ್ಕ ಪರೀಕ್ಷೆ ಮಾಡಬಹುದು. ಮಗುವಿಗೆ ಎರಡು ಲೆಕ್ಕ ಕೊಡಿ: 1/2 + 1/3 ಎಷ್ಟು? −7 + 3 ಎಷ್ಟು? ಮೊದಲನೆಯದಕ್ಕೆ 2/5 ಎಂದು ಬರೆಯುವ ಮಕ್ಕಳು ಎಂಟನೇ ತರಗತಿಯಲ್ಲಿ ಧಾರಾಳವಾಗಿ ಸಿಗುತ್ತಾರೆ. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಬಿಟ್ಟಿರುತ್ತಾರೆ. ಬೈಯಬೇಡಿ, ಹೀಗೆ ಕೇಳಿ: ‘ನಿನ್ನ ತಟ್ಟೆಯಲ್ಲಿ ಅರ್ಧ ರೊಟ್ಟಿ ಇತ್ತು, ಇನ್ನಷ್ಟು ಹಾಕಿದೆ. ಐದರಲ್ಲಿ ಎರಡು ಭಾಗ ಎಂದರೆ ಅರ್ಧಕ್ಕಿಂತ ಕಡಿಮೆ. ಹಾಕಿದ ಮೇಲೆ ಕಡಿಮೆಯಾದದ್ದು ಹೇಗೆ?’ ಮಗು ಒಂದು ಕ್ಷಣ ಸುಮ್ಮನಾಗುತ್ತದೆ, ಆಮೇಲೆ ತಾನೇ ಪೆನ್ಸಿಲ್ ಕೈಗೆತ್ತಿಕೊಳ್ಳುತ್ತದೆ. ಸರಿಯುತ್ತರ 5/6. ಎರಡನೆಯ ಲೆಕ್ಕಕ್ಕೆ −10 ಎಂದು ಬರೆದರೆ ಋಣ ಸಂಖ್ಯೆ ಅರ್ಥವಾಗಿಲ್ಲ ಎಂದು ಅರ್ಥ. ಏಳು ರೂಪಾಯಿ ಸಾಲ ಇದ್ದವನು ಮೂರು ರೂಪಾಯಿ ತೀರಿಸಿದ ಕಥೆ ಹೇಳಿ.

ಎಂಟರ ಬೀಜಗಣಿತ ನಿಂತಿರುವುದು ಈ ಎರಡರ ಮೇಲೆ. ಇವು ಗಟ್ಟಿಯಿಲ್ಲದ ಮಗುವಿಗೆ ಸಮೀಕರಣದ ಪಾಠವನ್ನು ಎಷ್ಟು ಚೆನ್ನಾಗಿ ಹೇಳಿದರೂ ಹೊರಗೇ ಉಳಿಯುತ್ತದೆ. ಜೂನ್, ಜುಲೈ ಎರಡು ತಿಂಗಳು ದಿನಕ್ಕೆ ಇಪ್ಪತ್ತು ನಿಮಿಷ ಐದು, ಆರು, ಏಳನೇ ತರಗತಿಯ ಪುಸ್ತಕದ ಭಿನ್ನರಾಶಿಯ ಲೆಕ್ಕ ಮಾಡಿಸಿ. ಮಗ್ಗಿ ಬಾರದಿದ್ದರೆ ನಾಚಿಕೆಯೇನಿಲ್ಲ, ಇಪ್ಪತ್ತರವರೆಗೆ ಮತ್ತೆ ಹೇಳಿಸಿ. ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ ಎಂದು ಪ್ರತಿ ವರ್ಷ ಹೇಳುತ್ತೇನೆ. ಪ್ರತಿ ವರ್ಷ ಹಾಕುತ್ತಾರೆ.

ಓದಿನ ಪರೀಕ್ಷೆ ಇನ್ನೂ ಸುಲಭ. ಸಮಾಜ ವಿಜ್ಞಾನದ ಯಾವುದಾದರೂ ಒಂದು ಪ್ಯಾರಾವನ್ನು ಗಟ್ಟಿಯಾಗಿ ಓದಿಸಿ, ಪುಸ್ತಕ ಮುಚ್ಚಿಸಿ, ಏನಿತ್ತು ಎಂದು ಕೇಳಿ. ಅಕ್ಷರ ಕೂಡಿಸಿ ಓದುವುದರಲ್ಲೇ ಶಕ್ತಿ ಮುಗಿದುಹೋಗುವ ಮಗುವಿಗೆ ಏನೂ ನೆನಪಿರುವುದಿಲ್ಲ. ಅಂಥ ಮಗುವಿಗೆ ದಿನವೂ ಪತ್ರಿಕೆಯ ಒಂದು ಸುದ್ದಿಯನ್ನು ಅಜ್ಜ ಅಜ್ಜಿಗೆ ಓದಿ ಹೇಳುವ ಕೆಲಸ ಕೊಡಿ. ಬುದ್ಧಿ ಚುರುಕಾಗಿದ್ದೂ ಅಕ್ಷರಗಳು ಹಿಂದುಮುಂದಾಗುತ್ತಿದ್ದರೆ, ಬರೆಯುವುದೆಂದರೆ ಹಿಂಸೆ ಎನ್ನುವಂತಿದ್ದರೆ ಅದು ಸೋಮಾರಿತನ ಇರಲಿಕ್ಕಿಲ್ಲ, ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಇರಬಹುದು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ತಪಾಸಣೆ ಮಾಡುತ್ತಾರೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಇಂಥ ಮಕ್ಕಳಿಗೆ ಹೆಚ್ಚುವರಿ ಸಮಯದಂಥ ಸೌಲಭ್ಯಗಳಿವೆ, ಅವುಗಳಿಗೆ ಪ್ರಮಾಣಪತ್ರ ಬೇಕು. ಹತ್ತನೇ ತರಗತಿಯಲ್ಲಿ ಓಡಾಡುವುದಕ್ಕಿಂತ ಎಂಟರಲ್ಲಿ ಓಡಾಡುವುದು ಮೇಲು.

ಸಂಜೆಯ ಹತ್ತು ನಿಮಿಷ

‘ಇವತ್ತು ಏನು ಕಲಿತೆ?’ ಎಂದು ಕೇಳಿದರೆ ‘ಏನಿಲ್ಲ’ ಎಂಬ ಉತ್ತರ ಬರುತ್ತದೆ. ಹದಿಮೂರರ ಮಗು ಇದಕ್ಕೆ ಬೇರೆ ಉತ್ತರ ಕೊಟ್ಟಿದ್ದನ್ನು ನಾನು ಕೇಳಿಲ್ಲ. ಸಣ್ಣ, ಗುರಿಯಿಟ್ಟ ಪ್ರಶ್ನೆ ಕೇಳಿ. ಬಿಸಿಯೂಟಕ್ಕೆ ಯಾರ ಪಕ್ಕ ಕುಳಿತಿದ್ದೆ? ಯಾವ ಪೀರಿಯಡ್‌ಗೆ ಮೇಷ್ಟ್ರು ಬರಲಿಲ್ಲ? ಇವತ್ತು ಯಾರಿಗೆ ಬೈದರು, ಯಾಕೆ? ಮೂರನೆಯ ಪ್ರಶ್ನೆಗಂತೂ ಯಾವ ಮಗುವೂ ಉತ್ತರ ಹೇಳದೆ ಬಿಡುವುದಿಲ್ಲ, ಆ ಕಥೆಯೊಳಗೆ ತನ್ನ ಸುದ್ದಿಯನ್ನೂ ಹೇಳಿಬಿಡುತ್ತದೆ. ಎರಡು ಮೂರು ವಾರ ಕಳೆದರೂ ಊಟದ ಹೊತ್ತಿನ ಕಥೆಯಲ್ಲಿ ಒಂದು ಹೆಸರೂ ಬಾರದಿದ್ದರೆ ಮಗು ಒಂಟಿಯಾಗಿದೆ. ಅದನ್ನು ತರಗತಿ ಶಿಕ್ಷಕರ ಕಿವಿಗೆ ಹಾಕಿ. ಬೆಂಚು ಬದಲಾಯಿಸುವುದು ನಮಗೆ ಒಂದು ನಿಮಿಷದ ಕೆಲಸ.

ನೋಟ್‌ಬುಕ್ ನೋಡುವುದಕ್ಕೂ ಆ ವಿಷಯ ಗೊತ್ತಿರಬೇಕಾಗಿಲ್ಲ. ಮೂರು ಸಂಗತಿ ನೋಡಿ. ಪುಟದ ಮೇಲೆ ದಿನಾಂಕವಿದೆಯೇ? ವಾಕ್ಯಗಳು ಅರ್ಧಕ್ಕೇ ನಿಂತಿವೆಯೇ? ಕೆಂಪು ಶಾಯಿಯಲ್ಲಿ ಶಿಕ್ಷಕರು ಬರೆದದ್ದರ ಕೆಳಗೆ ಮಗು ತಿದ್ದಿ ಬರೆದಿದೆಯೇ? ಅರ್ಧಕ್ಕೆ ನಿಂತ ವಾಕ್ಯಗಳು ಹೆಚ್ಚಿದ್ದರೆ ಮಗುವಿಗೆ ಕರಿಹಲಗೆ ಕಾಣಿಸುತ್ತಿಲ್ಲ, ಇಲ್ಲವೇ ಬರವಣಿಗೆಯ ವೇಗ ಸಾಲುತ್ತಿಲ್ಲ. ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಈ ವಯಸ್ಸಿನಲ್ಲಿ ದೃಷ್ಟಿ ಬದಲಾಗುವುದು ಸಾಮಾನ್ಯ, ಮಕ್ಕಳಿಗೆ ಅದು ಗೊತ್ತಾಗುವುದೇ ಇಲ್ಲ. ಎಲ್ಲರಿಗೂ ಹಾಗೇ ಕಾಣುತ್ತದೆ ಎಂದುಕೊಂಡಿರುತ್ತಾರೆ.

ಓದಲು ಒಂದು ಜಾಗ, ಒಂದು ಹೊತ್ತು ಗೊತ್ತುಮಾಡಿ. ಪ್ರತ್ಯೇಕ ಕೋಣೆ ಬೇಕಿಲ್ಲ, ಆ ಒಂದು ಗಂಟೆ ಟಿವಿ ಆರಿರಬೇಕು. ಅಪ್ಪನ ಮೊಬೈಲೂ ಆರಿದ್ದರೆ ಇನ್ನೂ ಒಳ್ಳೆಯದು.

ಶಾಲೆಗೆ ಹೋಗುವುದು

ಹೆತ್ತವರು ಹೈಸ್ಕೂಲಿನ ಗೇಟು ದಾಟುವುದು ಬಹುತೇಕ ಎರಡೇ ಸಲ: ಸೇರಿಸುವ ದಿನ, ಮತ್ತು ಏನಾದರೂ ದೂರು ಬಂದ ದಿನ. ಜುಲೈ ಮೊದಲ ವಾರ ಕಾರಣವಿಲ್ಲದೆ ಒಮ್ಮೆ ಬನ್ನಿ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಥವಾ ಸಂಜೆ ಗಂಟೆಯಾದ ಮೇಲೆ ಬಂದರೆ ಮಾತಾಡಲು ನಮಗೂ ಪುರುಸೊತ್ತಿರುತ್ತದೆ. ‘ಸರ್, ನನ್ನ ಮಗಳು ಎಂಟನೇ ಬಿ ವಿಭಾಗ. ಅವಳು ಹೊಸಬರ ಮುಂದೆ ಮಾತಾಡುವುದಿಲ್ಲ, ಗೊತ್ತಿದ್ದರೂ ಕೈ ಎತ್ತುವುದಿಲ್ಲ. ಸ್ವಲ್ಪ ನೋಡಿಕೊಳ್ಳಿ’ ಎಂದು ಎರಡು ನಿಮಿಷ ಹೇಳಿ ಹೋದ ತಾಯಿಯ ಮಗಳನ್ನು ನಾನು ಅಂದಿನಿಂದ ಬೇರೆ ಕಣ್ಣಿನಲ್ಲಿ ನೋಡುತ್ತೇನೆ. ಐವತ್ತು ಅರವತ್ತು ಮಕ್ಕಳಿರುವ ತರಗತಿಯಲ್ಲಿ ಇದು ಸಣ್ಣ ಲಾಭವಲ್ಲ. ‘ಚೆನ್ನಾಗಿ ಓದದಿದ್ದರೆ ಎರಡು ಬಾರಿಸಿ ಸರ್’ ಎನ್ನುವವರೂ ಬರುತ್ತಾರೆ. ದಯವಿಟ್ಟು ಹೇಳಬೇಡಿ. ಹೊಡೆಯುವುದು, ಮನಸ್ಸು ನೋಯಿಸುವುದು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿಷಿದ್ಧ, ಅದಕ್ಕೆ ನಿಮ್ಮ ಅನುಮತಿ ಚೀಟಿ ನಡೆಯುವುದಿಲ್ಲ.

ಮೈ ಬದಲಾಗುವ ವರ್ಷ

ಇದನ್ನು ಶಾಲೆ ಹೇಳಿಕೊಡುತ್ತದೆ ಎಂದು ಮನೆಯವರು, ಮನೆಯಲ್ಲಿ ಹೇಳಿರುತ್ತಾರೆ ಎಂದು ಶಾಲೆಯವರು ಸುಮ್ಮನಿರುತ್ತಾರೆ. ನಡುವೆ ಮಗು ಗೆಳೆಯರಿಂದ ಮತ್ತು ಮೊಬೈಲಿನಿಂದ ಕಲಿಯುತ್ತದೆ.

ಮಗಳ ಮುಟ್ಟು ಇನ್ನೂ ಶುರುವಾಗಿಲ್ಲದಿದ್ದರೂ ಬ್ಯಾಗಿನ ಒಳಜೇಬಿನಲ್ಲಿ ಎರಡು ಪ್ಯಾಡ್, ಒಂದು ಒಳಉಡುಪು, ಒಂದು ಕಾಗದದ ಚೀಲ ಜೂನ್‌ನಿಂದಲೇ ಇರಲಿ. ಶಾಲೆಯಲ್ಲಿ ಯಾವ ಮೇಡಂ ಬಳಿ ಪ್ಯಾಡ್ ಇರುತ್ತದೆ, ಶೌಚಾಲಯದಲ್ಲಿ ನೀರು ಬರುತ್ತದೆಯೇ, ಒಳಗಿನಿಂದ ಚಿಲಕ ಹಾಕಲು ಆಗುತ್ತದೆಯೇ ಎಂದು ತಾಯಿ ಶಾಲೆಗೆ ಬಂದ ದಿನವೇ ನೋಡಿಕೊಳ್ಳಬೇಕು. ಶೌಚಾಲಯ ಸರಿಯಿಲ್ಲ ಎಂದು ಬೆಳಗಿನಿಂದ ಸಂಜೆಯವರೆಗೆ ನೀರೇ ಕುಡಿಯದ ಹುಡುಗಿಯರಿದ್ದಾರೆ. ತಿಂಗಳಿಗೆ ಮೂರು ದಿನ ತಪ್ಪದೆ ರಜೆ ಹಾಕುವವರೂ ಇದ್ದಾರೆ. ವರ್ಷಕ್ಕೆ ಅದು ಒಂದು ತಿಂಗಳಿನ ಪಾಠ. ಶೌಚಾಲಯದ ದೂರನ್ನು ಮುಖ್ಯ ಶಿಕ್ಷಕರಿಗೆ ಒಬ್ಬರೇ ಹೇಳದೆ, ನಾಲ್ಕು ತಾಯಂದಿರು ಒಟ್ಟಿಗೆ ಹೋಗಿ ಬರವಣಿಗೆಯಲ್ಲಿ ಕೊಡಿ.

ಹುಡುಗರ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಧ್ವನಿ ಒಡೆಯುತ್ತದೆ, ಕೆಲವರು ಒಂದೇ ವರ್ಷದಲ್ಲಿ ಗೇಣುದ್ದ ಬೆಳೆಯುತ್ತಾರೆ, ಕೆಲವರು ಬೆಳೆಯುವುದೇ ಇಲ್ಲ. ತರಗತಿಯಲ್ಲಿ ಗಿಡ್ಡನೆಯ ಹುಡುಗನಿಗೆ ಹೆಸರಿಡುವುದು, ಹತ್ತನೇ ತರಗತಿಯವರು ಅವನಿಂದ ಕೆಲಸ ಮಾಡಿಸಿಕೊಳ್ಳುವುದು, ಬಸ್ ನಿಲ್ದಾಣದಲ್ಲಿ ಗುಟ್ಕಾ ಕೊಟ್ಟು ‘ತಿನ್ನು, ಗಂಡಸಲ್ಲವೇ’ ಎನ್ನುವುದು ಎಲ್ಲ ನಡೆಯುತ್ತದೆ. ಇದನ್ನು ಮಗನ ಜೊತೆ ಮಾತಾಡಬೇಕಾದವರು ಅಪ್ಪ, ಇಲ್ಲವೇ ಮಾವನೋ ಚಿಕ್ಕಪ್ಪನೋ. ಎದುರು ಕೂರಿಸಿ ಉಪದೇಶ ಮಾಡಿದರೆ ತಲೆ ತಗ್ಗಿಸುತ್ತಾನೆ. ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ಹೋಗುವಾಗ ಕೇಳಿ, ಮುಖ ಕಾಣದಿದ್ದರೆ ಹೇಳುತ್ತಾನೆ. ಯಾರಾದರೂ ಮೈಮುಟ್ಟಿ ಹಿಂಸಿಸಿದರೆ, ಹೆದರಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಕರೆ ಮಾಡಬಹುದು. ಆ ಸಂಖ್ಯೆಯೂ ಬಾಯಿಪಾಠದ ಪಟ್ಟಿಗೆ ಸೇರಲಿ.

ಮೊಬೈಲ್, ಟ್ಯೂಷನ್

ಎಂಟನೇ ತರಗತಿಗೆ ಸ್ವಂತ ಮೊಬೈಲ್ ಬೇಡ. ಶಾಲೆಯ ವಾಟ್ಸ್‌ಆ್ಯಪ್ ಗುಂಪು ತಾಯಿಯ ಫೋನಿನಲ್ಲಿರಲಿ. ಬಸ್ಸಿನ ಕಾರಣಕ್ಕೆ ಫೋನ್ ಬೇಕೇ ಬೇಕು ಎಂದರೆ ಕೀಪ್ಯಾಡ್ ಇರುವ ಸಾದಾ ಫೋನ್ ಸಾಕು.

ಟ್ಯೂಷನ್‌ಗೆ ಜೂನ್‌ನಲ್ಲೇ ಸೇರಿಸಬೇಡಿ. ಹೊಸ ಶಾಲೆ, ಹೊಸ ಬಸ್ಸು, ಹೊಸ ಶಿಕ್ಷಕರ ನಡುವೆ ಸಂಜೆ ಇನ್ನೊಂದು ಶಾಲೆ ಸೇರಿದರೆ ಮಗು ಎರಡೂ ಕಡೆ ತೂಕಡಿಸುತ್ತದೆ. ದಸರೆಯವರೆಗೆ ನೋಡಿ, ಯಾವ ವಿಷಯಕ್ಕೆ ನಿಜವಾಗಿ ಬೇಕು ಎಂದು ಗೊತ್ತಾದ ಮೇಲೆ ಅದೊಂದಕ್ಕೆ ಮಾತ್ರ ಕಳುಹಿಸಿ.

ಎನ್‌ಎಂಎಂಎಸ್ ಬಿಡಬೇಡಿ

ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳಲ್ಲಿ ಎಂಟು ಓದುವ ಮಕ್ಕಳಿಗೆ ಕೇಂದ್ರ ಸರ್ಕಾರದ ಈ ವಿದ್ಯಾರ್ಥಿವೇತನ ಪರೀಕ್ಷೆಯಿದೆ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಹೆತ್ತವರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು, ಏಳನೇ ತರಗತಿಯಲ್ಲಿ ಶೇ 55ರಷ್ಟು ಅಂಕ ಇರಬೇಕು. ಪರಿಶಿಷ್ಟರಿಗೆ ಶೇ 5ರ ಸಡಿಲಿಕೆಯಿದೆ. ಬೇಸಿಗೆಯಲ್ಲಿ ಮಾಡಿಸಿದ ಆದಾಯ ಪ್ರಮಾಣಪತ್ರ ಇಲ್ಲೂ ಕೆಲಸಕ್ಕೆ ಬರುತ್ತದೆ.

ಪತ್ರಿಕೆ ಎರಡು, ತಲಾ 90 ಪ್ರಶ್ನೆ. ಒಂದು ಬುದ್ಧಿಶಕ್ತಿಯದು, ಇನ್ನೊಂದು ವಿಜ್ಞಾನ, ಸಮಾಜ, ಗಣಿತ ಪಾಠಗಳದು. ಬುದ್ಧಿಶಕ್ತಿಯ ಪ್ರಶ್ನೆಗಳು ಮಕ್ಕಳಿಗೆ ಹೊಸವು: ಸರಣಿಯಲ್ಲಿ ಬಿಟ್ಟ ಸಂಖ್ಯೆ ಯಾವುದು, ಗುಂಪಿಗೆ ಸೇರದ ಚಿತ್ರ ಯಾವುದು ಎಂಬಂಥವು. ಹಳೆಯ ಪ್ರಶ್ನೆಪತ್ರಿಕೆ ತಂದು ವಾರಕ್ಕೊಮ್ಮೆ ಬಿಡಿಸಿದರೆ ಒಗಟು ಬಿಡಿಸಿದಂತೆ ಮಕ್ಕಳು ಖುಷಿಯಿಂದಲೇ ಮಾಡುತ್ತಾರೆ. ಅರ್ಜಿ ಹಾಕುವುದು ಶಾಲೆಯ ಮೂಲಕ. ‘ನಮ್ಮ ಮಗುವಿನದೂ ಹಾಕಿ’ ಎಂದು ಜುಲೈನ ಭೇಟಿಯಲ್ಲೇ ಹೇಳಿಬಿಡಿ. ಜಾಣರನ್ನು ಮಾತ್ರ ಕೂರಿಸುವ ಅಭ್ಯಾಸ ಕೆಲವು ಶಾಲೆಗಳಲ್ಲಿದೆ. ನನಗೆ ಅದು ಸರಿಕಾಣುವುದಿಲ್ಲ, ಅರ್ಹತೆ ಇರುವ ಎಲ್ಲರೂ ಕೂರಬಹುದು.

ದಸರಾ ರಜೆ

ಆ ಹೊತ್ತಿಗೆ ಎರಡು ರೂಪಣಾತ್ಮಕ (ಪಾಠದ ನಡುವಿನ ಕಿರು) ಪರೀಕ್ಷೆಗಳು, ಒಂದು ಸಂಕಲನಾತ್ಮಕ (ಅರ್ಧ ವರ್ಷದ) ಪರೀಕ್ಷೆ ಆಗಿರುತ್ತವೆ. ಅಂಕ ಏಳನೇ ತರಗತಿಗಿಂತ ಕಡಿಮೆ ಬಂದಿರುತ್ತದೆ, ಬಹುತೇಕ ಎಲ್ಲರಿಗೂ. ಪಕ್ಕದ ಮನೆಯವಳ ಅಂಕ ಕೇಳುವ ಮುನ್ನ ಉತ್ತರ ಪತ್ರಿಕೆಗಳನ್ನು ಹರಡಿಕೊಂಡು ಮಗುವಿನ ಜೊತೆ ಕುಳಿತುಕೊಳ್ಳಿ. ಅಂಕ ಹೋದ ಪ್ರಶ್ನೆಗಳನ್ನು ಮೂರು ಗುಂಪು ಮಾಡಿಸಿ: ಗೊತ್ತೇ ಇರಲಿಲ್ಲ, ಗೊತ್ತಿದ್ದೂ ತಪ್ಪಾಯಿತು, ಸಮಯ ಸಾಲಲಿಲ್ಲ. ಮೊದಲನೆಯದಕ್ಕೆ ಪಾಠ ಮತ್ತೆ ಓದಬೇಕು, ಎರಡನೆಯದಕ್ಕೆ ಬರೆದು ಅಭ್ಯಾಸ ಮಾಡಬೇಕು, ಮೂರನೆಯದಕ್ಕೆ ಗಡಿಯಾರ ಇಟ್ಟುಕೊಂಡು ಹಳೆಯ ಪತ್ರಿಕೆ ಬರೆಯಬೇಕು. ಮೂರಕ್ಕೂ ‘ಸರಿಯಾಗಿ ಓದು’ ಎಂಬ ಒಂದೇ ಔಷಧಿ ಕೊಟ್ಟರೆ ಯಾವುದೂ ವಾಸಿಯಾಗುವುದಿಲ್ಲ. ರಜೆಯಲ್ಲಿ ದಿನಕ್ಕೆ ಒಂದು ಗಂಟೆ ಇದಕ್ಕೆ ಸಾಕು. ಉಳಿದದ್ದು ಅಜ್ಜಿಯ ಮನೆಗೆ, ಆಟಕ್ಕೆ, ನಿದ್ದೆಗೆ.

ಖಾಸಗಿ ಶಾಲೆಯಲ್ಲಿ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆಯಡಿ ಸಿಕ್ಕ) ಸೀಟಿನಲ್ಲಿ ಓದುತ್ತಿರುವ ಮಕ್ಕಳ ಹೆತ್ತವರಿಗೆ ದಸರೆಯ ಹೊತ್ತಿಗೆ ಇನ್ನೊಂದು ಕೆಲಸವಿದೆ. ಸರ್ಕಾರ ಶುಲ್ಕ ಭರಿಸುವುದು ಎಂಟನೇ ತರಗತಿಯವರೆಗೆ. ಒಂಬತ್ತಕ್ಕೆ ಪೂರ್ತಿ ಶುಲ್ಕ ನಿಮ್ಮದೇ, ಮತ್ತು ಇದು ಮೇ ತಿಂಗಳಲ್ಲಿ ಶಾಲೆಯ ಚೀಟಿ ಬಂದಾಗ ಗೊತ್ತಾದರೆ ಕೈಕಾಲು ಆಡುವುದಿಲ್ಲ. ಒಂಬತ್ತು, ಹತ್ತಕ್ಕೆ ಎಷ್ಟು ಕಟ್ಟಬೇಕು, ಕಂತು ಮಾಡಿಕೊಡುತ್ತಾರೆಯೇ, ರಿಯಾಯಿತಿ ಇದೆಯೇ ಎಂದು ಈಗಲೇ ಬರವಣಿಗೆಯಲ್ಲಿ ಕೇಳಿ. ಆಗುವುದಿಲ್ಲ ಎನಿಸಿದರೆ ಹತ್ತಿರದ ಸರ್ಕಾರಿ ಪ್ರೌಢಶಾಲೆ, ಕರ್ನಾಟಕ ಪಬ್ಲಿಕ್ ಶಾಲೆ, ಅನುದಾನಿತ ಶಾಲೆಗಳನ್ನು ಮಗುವಿನ ಜೊತೆ ಹೋಗಿ ನೋಡಿ ಬನ್ನಿ. ಇಂಗ್ಲಿಷ್ ಮಾಧ್ಯಮದ ವಿಭಾಗ ಇದೆಯೇ, ಒಂಬತ್ತನೇ ತರಗತಿಗೆ ಹೊರಗಿನವರನ್ನು ತೆಗೆದುಕೊಳ್ಳುತ್ತಾರೆಯೇ, ಗಣಿತ ಮತ್ತು ವಿಜ್ಞಾನದ ಹುದ್ದೆಗಳು ಭರ್ತಿಯಿವೆಯೇ ಎಂಬ ಮೂರು ಪ್ರಶ್ನೆಗಳನ್ನು ಅಲ್ಲಿನ ಮುಖ್ಯ ಶಿಕ್ಷಕರಿಗೆ ನೇರವಾಗಿ ಕೇಳಿ. ಜನವರಿಯೊಳಗೆ ಉತ್ತರ ಕೈಯಲ್ಲಿದ್ದರೆ ತೀರ್ಮಾನಕ್ಕೆ ನಾಲ್ಕು ತಿಂಗಳ ಕಾಲಾವಕಾಶ ಸಿಗುತ್ತದೆ.